ಅಡಕಲು, ಅಡುಕ್ಕು

ಚೆನ್ನೈಗೆ ಹೊಸದಾಗಿ ಬಂದಾಗ ಮನೆ ತೋರಿಸಲು ಕರೆದೊಯ್ದವರು ದಾರಿಯುದ್ದಕ್ಕೂ ‘ಅಡುಕ್ಕುಮಾಡಿ, ಅಡುಕ್ಕುಮಾಡಿ’ ಅನ್ನುತ್ತಿದ್ದರು. ನನ್ನ ಕಿವಿಗೆ ಅದು ‘ಅಡುಗೆ ಮಾಡಿ’ ಎಂದೇ ಕೇಳಿಸಿತು. ಇವರ್ಯಾಕಪ್ಪಾ ನನ್ನನ್ನು ಅಡುಗೆಗೆ ಹಚ್ಚುತ್ತಿದ್ದಾರೆ ಅಂದುಕೊಂಡೆ! ಆಮೇಲೆ ತಿಳಿಯಿತು, ಅದು ಬಹುಮಹಡಿ ಕಟ್ಟಡ. ಅಡುಕ್ಕು ಎಂದರೆ ಒಂದರ ಮೇಲೊಂದು ಪೇರಿಸಿದ್ದು. ಮಾಡಿ ಎಂದರೆ ಮಹಡಿ.

ನಗು ಮುಗಿದ ಮೇಲೆ ಅಜ್ಜಿಯ ನಡುಮನೆ ನೆನಪಾಯಿತು. ಅದರ ಮೂಲೆಯಲ್ಲಿ ಅಡಕಲು ಇತ್ತು. ತಳದಲ್ಲಿ ದೊಡ್ಡ ಮಡಕೆ, ಅದರ ಬಾಯಿಯ ಮೇಲೆ ಚಿಕ್ಕದು, ಅದರ ಮೇಲೆ ಇನ್ನೂ ಚಿಕ್ಕದು. ಕೆಳಗೆ ರಾಗಿ, ನಡುವೆ ಬೇಳೆಕಾಳು, ಮೇಲೆ ಸಾಸಿವೆ, ಮೆಂತ್ಯ. ಒಂದರ ತಳವೇ ಇನ್ನೊಂದಕ್ಕೆ ಮುಚ್ಚಳ. ತಳದ್ದು ಬೇಕೆಂದರೆ ಮೇಲಿನದೆಲ್ಲ ಇಳಿಸಬೇಕು. ಅದಕ್ಕೇ ಅಜ್ಜಿಯ ಪುಡಿಗಾಸಿಗೂ ಅದೇ ಭದ್ರವಾದ ಜಾಗ.

ಅಡಕು ಎಂದರೆ ಪೇರಿಸು. ಅಡಕಿಲು, ಅಡಕಲು ಅದರಿಂದ ಬಂದವು. ಕಿಟೆಲರ 1894ರ ನಿಘಂಟಿನಲ್ಲಿ ಇವು ಸಿಗುತ್ತವೆ. ಬರೋ ಮತ್ತು ಎಮೆನೊ 1961ರಲ್ಲಿ ಹೊರತಂದ ದ್ರಾವಿಡ ಪದಮೂಲ ಕೋಶ ಇವನ್ನೂ ತಮಿಳಿನ ಅಡುಕ್ಕನ್ನೂ ಒಂದೇ ಮನೆತನಕ್ಕೆ ಸೇರಿಸುತ್ತದೆ.

ಅಣ್ಣತಮ್ಮಂದಿರ ಹಣೆಬರಹ ಮಾತ್ರ ಬೇರೆಬೇರೆ. ತಮಿಳಿನ ಅಡುಕ್ಕು ಮಡಕೆಗೆ ಅಂಟಿಕೊಂಡು ಕೂರಲಿಲ್ಲ. ‘ಪಾಂಬು ಪಾಂಬು’ ಎಂದು ಕೂಗಿದರೆ ವ್ಯಾಕರಣದಲ್ಲಿ ಅದು ಅಡುಕ್ಕುತ್ತೊಡರ್; ನಾವು ಶಾಲೆಯಲ್ಲಿ ದ್ವಿರುಕ್ತಿ ಎಂದು ಕಲಿತದ್ದು. ಒಂದೇ ಅಕ್ಷರದಿಂದ ಶುರುವಾಗುವ ಮಾತುಗಳನ್ನು ಪೇರಿಸುತ್ತಿದ್ದ ಅಣ್ಣಾದೊರೈ ಅವರ ಭಾಷಣದ ಶೈಲಿ ಅಡುಕ್ಕುಮೊಳಿ. ಎಸಳುಗಳು ಒತ್ತಾಗಿರುವ ಮಲ್ಲಿಗೆ ಅಡುಕ್ಕುಮಲ್ಲಿ. 1970ರಲ್ಲಿ ಹುಟ್ಟಿದ ತಮಿಳುನಾಡು ಕೊಳೆಗೇರಿ ನಿರ್ಮೂಲನ ಮಂಡಳಿ ಗುಡಿಸಲುಗಳ ಜಾಗದಲ್ಲಿ ಮಹಡಿಮನೆಗಳನ್ನು ಕಟ್ಟಿಸಿತು, ಅವೂ ಅಡುಕ್ಕುಮಾಡಿಗಳೇ. ಹೀಗೆ ಬಡವರ ಬಾಯಲ್ಲೂ ಬಿಲ್ಡರುಗಳ ಜಾಹೀರಾತಿನಲ್ಲೂ ಒಂದೇ ಮಾತು.

ನಮ್ಮ ಅಡಕಲಿಗೆ ಹಾಗೆ ಹೊಸ ಕೆಲಸ ಸಿಗಲಿಲ್ಲ. ಸ್ಟೀಲ್ ಡಬ್ಬಿಗಳು ಬಂದವು, ಮಡಕೆಗಳು ಹಿತ್ತಿಲು ಸೇರಿದವು, ಮಾತೂ ಅವುಗಳ ಹಿಂದೆಯೇ ಹೋಯಿತು. ಕಟ್ಟಡಕ್ಕೆ ನಾವು ‘ಅಪಾರ್ಟ್‌ಮೆಂಟ್’ ಅಂದೆವು. ಊರಿನಲ್ಲಿರುವ ತಂಗಿಯ ಮಕ್ಕಳಿಗೆ ಅಡಕಲು ಅಂದರೆ ಏನೂಂತ ಗೊತ್ತಿಲ್ಲ. ತಪ್ಪು ಅವರದ್ದಲ್ಲ, ನೋಡಿದ್ದರೆ ತಾನೇ!

ಪರವೂರಿಗೆ ಹೋದವರು ಊರಿನ ಮಾತು ಮರೆಯುತ್ತಾರೆ ಅನ್ನುತ್ತಾರೆ. ನಾನು ಊರಿನಲ್ಲಿದ್ದಷ್ಟು ದಿನ ಅಜ್ಜಿಯ ಆ ಮಾತು ಒಮ್ಮೆಯೂ ನೆನಪಾಗಿರಲಿಲ್ಲ. ಈಗ ಆಟೋದವರಿಗೆ ದಾರಿ ಹೇಳುವಾಗ ದಿನಾ ಅದರ ಅಣ್ಣನನ್ನು ಕರೆಯುತ್ತೇನೆ.