ಬೀದಿ ಕಟ್ಟಿದವರು, ಬೀದಿ ಕಾಯುವವರು

ಶಿವಮೊಗ್ಗದಿಂದ ಭದ್ರಾವತಿಗೆ ಸುಮಾರು 20 ಕಿಲೋಮೀಟರು ದಾರಿ. ಈ ದಾರಿಗೆ ಎರಡು ಊರುಗಳಲ್ಲಿಯೂ ಬಿ. ಎಚ್. ರಸ್ತೆಯೆಂದೇ ಹೆಸರು, ಬೆಂಗಳೂರಿನಿಂದ ಹೊರಟು ಹೊನ್ನಾವರದಲ್ಲಿ ಕಡಲನ್ನು ಕಾಣುವ ಹೆದ್ದಾರಿಯ ಒಂದು ತುಂಡು ಅದು. ದಿನವೂ ಇಂತಹ ದಾರಿಯಲ್ಲಿ ಹೋಗಿಬರುವ ನಾವು ಗಾಡಿ ಕುಲುಕಿದಾಗ ಕಂಟ್ರಾಕ್ಟುದಾರನನ್ನು ಬೈಯುತ್ತೇವೆ. ಕುಲುಕದಿದ್ದಾಗ ರಸ್ತೆಯನ್ನೇ ಮರೆತುಬಿಡುತ್ತೇವೆ. ಅರಮನೆಗೆ ಚರಿತ್ರೆಯುಂಟು, ದೇವಾಲಯಕ್ಕೆ ಚರಿತ್ರೆಯುಂಟು. ಅವುಗಳ ಮುಂದೆ ಹಾದುಹೋಗುವ ಬೀದಿಗೆ ಮಾತ್ರ ಚರಿತ್ರೆಯಿಲ್ಲವೆಂದು ನಮ್ಮ ಭಾವನೆ. ಆದರೆ ಬೀದಿಗೂ ಚರಿತ್ರೆಯುಂಟು. ಅದು ಶಾಸನಗಳಲ್ಲಿ, ಸರಕಾರದ ಕಡತಗಳಲ್ಲಿ, ಟೆಂಡರು ಕಾಗದಗಳಲ್ಲಿ ಹುದುಗಿಕೊಂಡಿದೆ. ಅದರ ಒಂದು ಎಳೆಯನ್ನು ಮಾತ್ರ ಇಂದು ಹಿಡಿದು ನೋಡೋಣ. ಸಾರ್ವಜನಿಕ ಕೆಲಸವನ್ನು ಮಾಡಿದವನಿಗೂ ಅದನ್ನು ಮುಂದೆ ಕಾಯಬೇಕಾದವನಿಗೂ ಇರುವ ಸಂಬಂಧವೇ ಆ ಎಳೆ.

ಗುತ್ತಿಗೆ ಎಂಬ ಮಾತು ನಮ್ಮಲ್ಲಿ ಹೊಸದಲ್ಲ. ಹಿಂದಿನ ಕಾಲದ ಕನ್ನಡ ಶಾಸನಗಳಲ್ಲಿ ಅದಕ್ಕೆ, ಗೊತ್ತಾದ ತೆರಿಗೆಗೆ ಭೂಮಿಯನ್ನು ವಹಿಸಿಕೊಡುವ ಕರಾರು ಎಂಬ ಅರ್ಥವಿದೆ. ಅದಕ್ಕಿಂತ ನಮ್ಮ ವಿಷಯಕ್ಕೆ ಹತ್ತಿರವಾದುದು ದಶಬಂಧವೆಂಬ ಏರ್ಪಾಡು. ಕೆರೆಯನ್ನು ಕಟ್ಟಿಸಿದವನಿಗೆ ಅಥವಾ ಒಡೆದ ಕೆರೆಯನ್ನು ಸರಿಮಾಡಿದವನಿಗೆ, ಆ ನೀರುಣ್ಣುವ ಭೂಮಿಯಲ್ಲಿ ಒಂದು ಪಾಲನ್ನು ಬಿಟ್ಟುಕೊಡುತ್ತಿದ್ದರು. ಹಾಗೆಯೇ ಬಿತ್ತುವಟ್ಟವೆಂಬ ಹೆಸರಿನಲ್ಲಿ ಕೆರೆಯ ಜೀರ್ಣೋದ್ಧಾರಕ್ಕಾಗಿಯೇ ಭೂಮಿಯನ್ನು ತೆಗೆದಿರಿಸಿದ ಶಾಸನಗಳು ಕನ್ನಡನಾಡಿನಲ್ಲಿ ಹೇರಳವಾಗಿವೆ. ಈ ಏರ್ಪಾಡಿನ ಜಾಣತನವನ್ನು ಗಮನಿಸಬೇಕು. ಕೆರೆ ಒಡೆದರೆ ಕಟ್ಟಿಸಿದವನ ಗದ್ದೆಯೂ ಒಣಗುವುದು. ಆದುದರಿಂದ ಅವನಿಗೆ ಸಂದ ಪ್ರತಿಫಲವೇ ಅವನ ಹೊಣೆಯೂ ಆಗಿತ್ತು. ಏರಿ ಮುಗಿದ ದಿನವೇ ಲೆಕ್ಕ ಮುಗಿಯುತ್ತಿರಲಿಲ್ಲ.

ಇಷ್ಟು ಹೇಳಿ ಹಿಂದಿನದೆಲ್ಲವೂ ಚೆನ್ನಾಗಿತ್ತೆಂದು ಮುಗಿಸುವುದು ನ್ಯಾಯವಲ್ಲ. ಕೆರೆಗೆ ದೊರೆತ ಆಶ್ರಯ ದಾರಿಗೆ ದೊರೆಯಲಿಲ್ಲ. ಶಾಸನಗಳಲ್ಲಿ ಬಿಟ್ಟಿ ಎಂಬ ಮಾತೂ ಬರುತ್ತದೆ. ಕೂಲಿಯಿಲ್ಲದೆ ದುಡಿದ ಜನರ ಬೆವರು ಅದರ ಹಿಂದಿದೆ. 1800 ಮತ್ತು 1801ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲೆಯಾಳಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಕ್ಕೇರಿ, ನಗರಗಳ ಕಡೆಯೂ ಬಂದಿದ್ದನು. ಆ ಕಾಲದಲ್ಲಿ ಮಲೆನಾಡಿನ ಅಡಕೆ ಮೆಣಸುಗಳು ಘಟ್ಟವನ್ನು ಇಳಿದುದು ಹೇರೆತ್ತುಗಳ ಬೆನ್ನಿನ ಮೇಲೆ. ಗಾಡಿಗೆ ದಾರಿಯೇ ಅಪರೂಪ.

ನಗರದ ರೈತರು ದಂಗೆಯೆದ್ದ ಮೇಲೆ 1831ರಲ್ಲಿ ಸಂಸ್ಥಾನದ ಆಡಳಿತ ಇಂಗ್ಲಿಷರ ಕಮಿಷನರುಗಳ ಕೈಸೇರಿತು. 1834ರಿಂದ 1861ರವರೆಗೆ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ ರಸ್ತೆಗಳಿಗೆ ವಿಶೇಷವಾಗಿ ಗಮನ ಕೊಟ್ಟನು. ಸುಮಾರು 1,600 ಮೈಲಿ ರಸ್ತೆ, ಮುನ್ನೂರಕ್ಕೂ ಹೆಚ್ಚು ಸೇತುವೆಗಳು ಅವನ ಕಾಲದಲ್ಲಿ ಆದವು. ಮೊದಲು ಈ ಕೆಲಸಗಳು ಮರಾಮತ್ತು ಎಂಬ ಹೆಸರಿನಲ್ಲಿ ಕಂದಾಯದ ಅಧಿಕಾರಿಗಳ ಮೂಲಕವೇ ನಡೆಯುತ್ತಿದ್ದವು. ಕಂದಾಯ ಎತ್ತುವ ಅಮಲ್ದಾರನೇ ತೂಬನ್ನೂ ನೋಡಬೇಕು, ದಾರಿಯನ್ನೂ ನೋಡಬೇಕು. 1856ರಲ್ಲಿ ಪ್ರತ್ಯೇಕವಾದ ಪಬ್ಲಿಕ್ ವರ್ಕ್ಸ್ ಇಲಾಖೆ ಏರ್ಪಟ್ಟಿತು. ಎಂಜಿನಿಯರು, ಅಂದಾಜುಪಟ್ಟಿ, ದರಪಟ್ಟಿ, ಕಂಟ್ರಾಕ್ಟು, ಅಳತೆ ಪುಸ್ತಕ ಎಂಬ ನಾವು ಇಂದು ಕಾಣುವ ಸಂಸಾರವೆಲ್ಲ ಇಂತಹ ಇಲಾಖೆಯ ಜೊತೆಯಲ್ಲಿ ಬೆಳೆದುದು.

ಆ ಅಳತೆ ಪುಸ್ತಕದ ವಿಚಾರವಾಗಿ ಒಂದು ಮಾತು. ಜಲ್ಲಿಯ ರಸ್ತೆಗಳ ಕಾಲದಲ್ಲಿ ಕಲ್ಲನ್ನು ಒಡೆದು ದಾರಿಯ ಪಕ್ಕದಲ್ಲಿ ಗುಪ್ಪೆಗಳಾಗಿ ಪೇರಿಸುತ್ತಿದ್ದರು. ಹರಡುವುದಕ್ಕೆ ಮೊದಲು ಅಧಿಕಾರಿಯು ಬಂದು ಗುಪ್ಪೆಯ ಉದ್ದ, ಅಗಲ, ಎತ್ತರಗಳನ್ನು ಅಳೆದು ಪುಸ್ತಕದಲ್ಲಿ ಬರೆಯುವನು, ಬರೆದಷ್ಟಕ್ಕೆ ಹಣ. ಮಣ್ಣಿನ ದಿಬ್ಬದ ಮೇಲೆ ಜಲ್ಲಿಯನ್ನು ಸುರಿದರೆ ಗುಪ್ಪೆ ದೊಡ್ಡದಾಗಿ ಕಾಣುವುದಷ್ಟೆ. ಆದುದರಿಂದ ನೆಲವನ್ನು ಸಮಮಾಡಿಯೇ ಪೇರಿಸಬೇಕೆಂಬ ನಿಯಮ ಬೇಕಾಯಿತು. ಈ ಏರ್ಪಾಡಿನಿಂದ ದೊಡ್ಡ ಉಪಕಾರವಾಯಿತೆಂಬುದನ್ನು ಮರೆಯಬಾರದು. ಬಿಟ್ಟಿಯ ಬದಲು ಕೂಲಿ ಬಂದಿತು. ಅಧಿಕಾರಿಯ ಬಾಯಿಮಾತಿನ ಬದಲು ಬರೆಹದ ಲೆಕ್ಕ ಬಂದಿತು. ಒಬ್ಬನ ದರವನ್ನು ಇನ್ನೊಬ್ಬನ ದರದೊಡನೆ ಹೋಲಿಸಿ ನೋಡುವುದು ಸಾಧ್ಯವಾಯಿತು. ಆದರೆ ಅಳತೆ ಪುಸ್ತಕಕ್ಕೆ ಹುಟ್ಟಿನಿಂದಲೇ ಒಂದು ಕೊರತೆ. ಹೊಸದಾಗಿ ಹಾಕಿದುದನ್ನು ಅದು ಅಳೆಯಬಲ್ಲುದು. ಇದ್ದುದನ್ನು ಉಳಿಸಿದರೆ ಅದನ್ನು ಅಳೆಯಲಾರದು. ದಶಬಂಧದಲ್ಲಿ ಒಂದಾಗಿದ್ದ ಕಟ್ಟುವಿಕೆ ಮತ್ತು ಕಾಯುವಿಕೆ ಇಲ್ಲಿ ಎರಡಾಗಿ ಒಡೆದವು.

ಈ ಒಡಕನ್ನು ತನ್ನದೇ ರೀತಿಯಲ್ಲಿ ಬೆಸೆದ ಊರೊಂದು ನಮ್ಮ ಎದುರಿಗೇ ಇದೆ. ಭದ್ರಾನದಿಯ ತೀರದ ಬೆಂಕಿಪುರದಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವಿತ್ತು, ಅದರ ಸುತ್ತ ಹಳೆಯ ಊರಿತ್ತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ರೂಪುಗೊಂಡ ಕಬ್ಬಿಣದ ಕಾರ್ಖಾನೆಯ ಯೋಜನೆ ಇದೇ ನೆಲದಲ್ಲಿ ಬೇರೂರಿತು. 1918ರಲ್ಲಿ ಪ್ರಾರಂಭವಾದ ಕೆಲಸ ಫಲಿಸಿ 1923ರಲ್ಲಿ ಕಬ್ಬಿಣ ಹರಿಯಿತು. ಅದೇ ವರ್ಷ ವಿಶ್ವೇಶ್ವರಯ್ಯನವರು ಆಡಳಿತ ಮಂಡಳಿಯ ಅಧ್ಯಕ್ಷತೆಯನ್ನು ವಹಿಸಿಕೊಂಡು 1929ರವರೆಗೆ ನಡೆಸಿದರು. ಬೆಂಕಿಪುರ ಭದ್ರಾವತಿಯಾಯಿತು. ಕಾರ್ಖಾನೆಯ ಜನಕ್ಕಾಗಿ ನ್ಯೂ ಟೌನ್ ಬೆಳೆಯಿತು. ಕಾಗದದ ಕಾರ್ಖಾನೆ ಬಂದ ಮೇಲೆ ಕಾಗದನಗರವೂ ಬೆಳೆಯಿತು.

ಇಂತಹ ಕಾರ್ಖಾನೆಯ ಬಡಾವಣೆಯಲ್ಲಿ ಬೀದಿಯ ಸ್ಥಿತಿಯೇ ಬೇರೆ. ಬೀದಿಯನ್ನು ಹಾಕಿಸಿದ ಒಡೆಯನೂ, ಅದರ ಮೇಲೆ ನಡೆದು ಪಾಳಿಗೆ ಹೋಗುವ ಕೆಲಸಗಾರನೂ, ಮಳೆಗಾಲಕ್ಕೆ ಮುಂಚೆ ಚರಂಡಿ ತೆಗೆಸಬೇಕಾದ ಮೇಸ್ತ್ರಿಯೂ ಒಂದೇ ಸಂಸ್ಥೆಗೆ ಸೇರಿದವರು. ಗುಂಡಿ ಬಿದ್ದರೆ ದೂರು ಬಹಳ ದೂರ ಹೋಗಬೇಕಾಗಿಲ್ಲ. ದಶಬಂಧದ ನ್ಯಾಯ ಉಕ್ಕಿನ ಯುಗದಲ್ಲಿ ಮತ್ತೊಂದು ವೇಷದಿಂದ ಬಂದಂತೆ ತೋರುವುದು. ಆದರೆ ಈ ಬೆಸುಗೆಯ ಬಲವೆಲ್ಲ ಒಡೆಯನ ಬಲ. ಕಾರ್ಖಾನೆ 1989ರಲ್ಲಿ ಭಾರತ ಉಕ್ಕು ಪ್ರಾಧಿಕಾರದ ಆಶ್ರಯಕ್ಕೆ ಬಂದಿತು, 1998ರಲ್ಲಿ ಅದರಲ್ಲಿಯೇ ಲೀನವಾಯಿತು. ಕಾಗದದ ಕಾರ್ಖಾನೆಯ ಯಂತ್ರಗಳು 2015ರ ಸುಮಾರಿಗೆ ನಿಂತವು. 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ನಿರ್ಧಾರ ಪ್ರಕಟವಾಯಿತು. ಕೆಲಸಗಾರರು ಧರಣಿ ಕುಳಿತರು. ಅದೇ ವರ್ಷದ ಆಗಸ್ಟಿನಲ್ಲಿ ಉತ್ಪಾದನೆ ಒಂದಿಷ್ಟು ಮಟ್ಟಿಗೆ ಮತ್ತೆ ಮೊದಲಾಯಿತು. ಕುಲುಮೆ ಆರಿದರೆ ಬೀದಿದೀಪ ಉರಿಸುವವರು ಯಾರು, ಬೀದಿಗೆ ಜಲ್ಲಿ ಹಾಕುವವರು ಯಾರು ಎಂಬ ಪ್ರಶ್ನೆ ಇಂತಹ ಊರಿನಲ್ಲಿ ಹೊಟ್ಟೆಯ ಪ್ರಶ್ನೆಯ ಬೆನ್ನಿಗೇ ಬರುವುದು. ಒಬ್ಬ ಒಡೆಯನ ಮೇಲೆಯೇ ನಿಂತ ಬೀದಿಗೆ ಆ ಒಡೆಯನಷ್ಟೇ ಆಯುಸ್ಸು.

ಹಾಗಾದರೆ ಒಡೆಯನು ಬದಲಾದರೂ ಉಳಿಯುವ ಹೊಣೆಯನ್ನು ಎಲ್ಲಿ ಬರೆದಿಡಬೇಕು? ಕರಾರಿನ ಕಾಗದದಲ್ಲಿಯೇ ಬರೆದಿಡಬೇಕು. ಇದಕ್ಕೆ ನಾವು ಶಿವಮೊಗ್ಗದ ಕೋಟೆಯ ಕಡೆಗೆ ಹಿಂದಿರುಗೋಣ. ತುಂಗೆಯ ದಡದ ಈ ಹಳೆಯ ಪ್ರದೇಶದಲ್ಲಿ ಕೆಳದಿಯ ಶಿವಪ್ಪನಾಯಕನ ಹೆಸರನ್ನು ಹೊತ್ತ ಅರಮನೆ ವಸ್ತುಸಂಗ್ರಹಾಲಯವಾಗಿ ನಿಂತಿದೆ. ಕೋಟೆಯ ಆಂಜನೇಯನ ಗುಡಿಯಿದೆ. ಇತ್ತ ಗಾಂಧಿಬಜಾರಿನ ಇಕ್ಕಟ್ಟಾದ ಅಂಗಡಿಸಾಲುಗಳಿವೆ. ಇಂತಹ ಹಳೆಯ ಪೇಟೆಯ ಬೀದಿಗೆ ಸಾಮಾನ್ಯವಾಗಿ ಒದಗುವ ಕೇಡು ಗುಂಡಿಯಲ್ಲ. ಗುಂಡಿಯನ್ನು ಎಲ್ಲರೂ ಕಾಣುತ್ತಾರೆ. ಕಾಣದ ಕೇಡೆಂದರೆ ಬೀದಿ ಮೇಲೇರುವುದು. ಒಂದು ಸಲ ಡಾಂಬರು ಹಾಕಿದರು. ಅದು ಸವೆದಾಗ ಅದರ ಮೇಲೆಯೇ ಇನ್ನೊಂದು ಪದರ. ಅದರ ಮೇಲೆ ಮತ್ತೊಂದು. ಹಳೆಯ ಪದರವನ್ನು ಕೆರೆದು ತೆಗೆಯಬೇಕೆಂದು ಕರಾರಿನಲ್ಲಿ ಬರೆಯದಿದ್ದರೆ ಕಂಟ್ರಾಕ್ಟುದಾರನು ಏಕೆ ತೆಗೆಯುವನು? ಅಳತೆ ಪುಸ್ತಕದಲ್ಲಿ ಅದಕ್ಕೆ ಕಾಸಿಲ್ಲ. ಹೀಗೆ ಎರಡು ಮೂರು ಪದರಗಳಾಗುವಷ್ಟರಲ್ಲಿ, ಮೆಟ್ಟಿಲು ಹತ್ತಿ ಹೋಗುತ್ತಿದ್ದ ಮನೆಗೆ ಇಳಿದು ಹೋಗಬೇಕಾಗುವುದು. ಆಷಾಢದ ಮಳೆ ಚರಂಡಿಗೆ ಹೋಗುವುದನ್ನು ಬಿಟ್ಟು ಹೊಸ್ತಿಲನ್ನು ದಾಟುವುದು. ಮಣ್ಣಿನ ಗೋಡೆ ಬುಡದಿಂದ ನೆನೆಯುವುದು. ಮನೆಯವರು ಬೇಸತ್ತು ಹಳೆಯ ಮನೆಯನ್ನು ಕೆಡವುವರು. ಆಗ ನಾವು ಕಾಲ ಕೆಟ್ಟಿತೆನ್ನುತ್ತೇವೆ. ಆ ಮನೆಯನ್ನು ಕೆಡವಿದುದು ಕಾಲವಲ್ಲ. ಟೆಂಡರು ಕಾಗದದಲ್ಲಿ ಬರೆಯದೆ ಬಿಟ್ಟ ಒಂದು ಸಾಲು.

ಟೆಂಡರಿನ ಬಾಗಿಲನ್ನು ಎಲ್ಲರಿಗೂ ತೆರೆಯಬೇಕೆಂಬ ವಿಚಾರದಲ್ಲಿ ನಮ್ಮ ರಾಜ್ಯ ಹಿಂದೆ ಬಿದ್ದಿಲ್ಲ. 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆಯ ಅಧಿನಿಯಮ ನಮ್ಮಲ್ಲಿದೆ. ಟೆಂಡರನ್ನು ಪ್ರಕಟಿಸಬೇಕು, ಬಂದ ದರಗಳನ್ನು ಗೊತ್ತಾದ ಒರೆಗಲ್ಲಿನಿಂದ ಪರೀಕ್ಷಿಸಬೇಕು, ಒಪ್ಪದ ಗುತ್ತಿಗೆದಾರನಿಗೆ ಮೇಲ್ಮನವಿಯ ಹಕ್ಕಿರಬೇಕು ಎಂಬುದು ಅದರ ತಿರುಳು. ಅದೇ ಕಾನೂನಿನ 4ನೆಯ ಪ್ರಕರಣದಲ್ಲಿ ಟೆಂಡರಿಲ್ಲದೆ ಕೆಲಸ ವಹಿಸುವ ವಿನಾಯಿತಿಗಳೂ ಉಂಟು. ಅವುಗಳ ಬಳಕೆಯ ಬಗ್ಗೆ ಚರ್ಚೆಯೂ ಉಂಟು. ಆದರೆ ಕಾನೂನು ಬಾಗಿಲನ್ನು ಕಾಯಬಲ್ಲುದು; ಒಳಗೆ ಏನನ್ನು ಬರೆಯಬೇಕೆಂಬುದನ್ನು ಕಲಿಸಲಾರದು. ಕನಿಷ್ಠ ದರದವನನ್ನು ನ್ಯಾಯವಾಗಿಯೇ ಆರಿಸಿದರೂ, ಅವನಿಂದ ಮಾಡಿಸಬೇಕಾದ ಕೆಲಸದ ವಿವರಣೆಯೇ ಬಡವಾಗಿದ್ದರೆ ಬೀದಿಯೂ ಬಡವಾಗುವುದು.

ಈ ಕೊರತೆಯನ್ನು ತುಂಬುವ ಯತ್ನಗಳು ನಡೆದಿವೆ. ಬೆಂಗಳೂರಿನಲ್ಲಿ ರೆಸಿಡೆನ್ಸಿ ರಸ್ತೆ, ಮ್ಯೂಸಿಯಂ ರಸ್ತೆ ಮೊದಲಾದ ಏಳು ಬೀದಿಗಳನ್ನು ಟೆಂಡರ್‌ಶ್ಯೂರ್ ಎಂಬ ಕ್ರಮದಿಂದ ಮೊದಲು ಹೊಸದಾಗಿ ಮಾಡಿದರು. ನೀರಿನ ಕೊಳವೆ, ವಿದ್ಯುತ್ತಿನ ತಂತಿ, ಮಳೆನೀರಿನ ದಾರಿ, ಕಾಲುದಾರಿ ಇವೆಲ್ಲವನ್ನೂ ಒಂದೇ ನಕ್ಷೆಯಲ್ಲಿ, ಒಂದೇ ಕರಾರಿನಲ್ಲಿ ಸೇರಿಸುವುದು ಅದರ ಗುಟ್ಟು. ಇಂದು ಡಾಂಬರು, ನಾಳೆ ಅಗೆತ ಎಂಬ ಗಾದೆಯಂತಹ ಅವಸ್ಥೆಯನ್ನು ಕಾಗದದಲ್ಲಿಯೇ ತಡೆಯುವ ಉಪಾಯವಿದು. 2018ರಲ್ಲಿ ಚರ್ಚ್ ಸ್ಟ್ರೀಟಿಗೆ ಕಲ್ಲು ಹಾಸಿದುದೂ ಇದೇ ದಾರಿಯ ಪ್ರಯೋಗ. 2016ರ ಸೆಪ್ಟೆಂಬರಿನಲ್ಲಿ ಶಿವಮೊಗ್ಗವೂ ಸ್ಮಾರ್ಟ್ ಸಿಟಿಗಳ ಪಟ್ಟಿಗೆ ಸೇರಿತು. ಕೇಂದ್ರದಿಂದ ಊರೊಂದಕ್ಕೆ 500 ಕೋಟಿ ರೂಪಾಯಿ, ರಾಜ್ಯದಿಂದ ಅಷ್ಟೇ ಎಂಬುದು ಯೋಜನೆಯ ಲೆಕ್ಕ. ಕೆಲಸ ನಡೆಸುವುದಕ್ಕೆ ಬೇರೆಯೇ ಒಂದು ಕಂಪನಿ. ಆ ಯೋಜನೆಯ ಅವಧಿ 2025ರ ಮಾರ್ಚಿಗೆ ಮುಗಿಯಿತು. ಯೋಜನೆ ಮುಗಿಯಬಹುದು; ಬೀದಿ ಮುಗಿಯುವುದಿಲ್ಲ. ಹಾಕಿದ ಕಲ್ಲು ಕಿತ್ತರೆ ಅದೇ ಬಗೆಯ ಕಲ್ಲನ್ನು ಯಾರು ತಂದು ಕೂರಿಸಬೇಕು? ಎಲ್ಲಿಂದ ತರಬೇಕು? ಹಣ ಯಾವ ಲೆಕ್ಕದಿಂದ? ಊರಿನ ಪಾಲಿಗೆ ಉಳಿಯುವ ಪ್ರಶ್ನೆಗಳು ಇವು.

ಇಂದಿನ ಕರಾರುಗಳಲ್ಲಿಯೂ ದಶಬಂಧದ ಒಂದು ಕೂಸು ಬದುಕಿದೆಯೆಂಬುದು ಸಮಾಧಾನದ ಮಾತು. ಕೆಲಸ ಮುಗಿದ ಮೇಲೆಯೂ ಗೊತ್ತಾದ ಅವಧಿಯವರೆಗೆ ದೋಷಗಳಿಗೆ ಗುತ್ತಿಗೆದಾರನೇ ಹೊಣೆ. ಅಷ್ಟು ಕಾಲ ಅವನ ಹಣದಲ್ಲಿ ಒಂದು ಭಾಗ ಠೇವಣಿಯಾಗಿ ಸರಕಾರದಲ್ಲಿ ನಿಲ್ಲುವುದು. ಈ ಕೂಸನ್ನು ಬೆಳೆಸಬೇಕು. ಹಳೆಯ ಪೇಟೆಯ ಬೀದಿಗೆ ಕರಾರು ಬರೆಯುವಾಗ ಹೊಸ್ತಿಲುಗಳ ಮಟ್ಟವನ್ನು ಮೊದಲೇ ಅಳೆದು ಬರೆದಿಟ್ಟು ಅದನ್ನು ಮೀರಬಾರದೆಂದು ವಿಧಿಸಬೇಕು; ಹಳೆಯ ಪದರವನ್ನು ತೆಗೆಯುವುದಕ್ಕೆ ಪ್ರತ್ಯೇಕವಾದ ದರ ಕೊಡಬೇಕು; ಕಿತ್ತ ಹಾಸುಗಲ್ಲನ್ನು ಎಣಿಸಿ ಇಟ್ಟು ಮರಳಿ ಕೂರಿಸುವುದನ್ನು ಕೆಲಸವೆಂದೇ ಲೆಕ್ಕಕ್ಕೆ ಹಿಡಿಯಬೇಕು; ಮುಂದಿನ ವರ್ಷಗಳ ದುರಸ್ತಿಗೆ ಇಂದೇ ಹಣ ಕಟ್ಟಿಡಬೇಕು. ಇದರಲ್ಲಿ ದೊಡ್ಡ ವಿದ್ಯೆಯೇನೂ ಇಲ್ಲ. ಬಿತ್ತುವಟ್ಟವನ್ನು ಕಲ್ಲಿನಲ್ಲಿ ಕೊರೆಸಿದ ನಮ್ಮ ಹಿರಿಯರಿಗೆ ಇದು ತಿಳಿದಿತ್ತು.

ಹಿರಿಯರು ಆ ಶಾಸನಗಳನ್ನು ಊರ ನಡುವೆ, ಎಲ್ಲರೂ ಓದುವ ಕಡೆ ನೆಟ್ಟರು. ನಮ್ಮ ಬೀದಿಯ ಕರಾರೂ ಈಗ ಗುಟ್ಟಿನ ಕಾಗದವಲ್ಲ. ಕೇಳಿದರೆ ಪ್ರತಿ ದೊರೆಯುವುದಕ್ಕೆ ಮಾಹಿತಿ ಹಕ್ಕಿನ ಕಾನೂನು 2005ರಿಂದ ಇದೆ. ಮುಂದಿನ ಸಲ ಮನೆಯ ಮುಂದೆ ಜಲ್ಲಿಯ ಲಾರಿ ಬಂದು ನಿಂತಾಗ, ರಸ್ತೆ ಎಷ್ಟು ಬೇಗ ಮುಗಿಯುವುದೆಂದು ಮಾತ್ರ ಕೇಳದೆ, ಮುಗಿದ ಮೇಲೆ ಅದನ್ನು ಕಾಯುವವರು ಯಾರೆಂದು ಎಲ್ಲಿ ಬರೆದಿದೆ ಎಂದೂ ಕೇಳೋಣ. ಉತ್ತರ ಕಾಗದದಲ್ಲಿದ್ದರೆ ಬೀದಿ ಉಳಿಯುವುದು, ಬೀದಿಯೊಡನೆ ಹಳೆಯ ಊರೂ ಉಳಿಯುವುದು.