ಹಳೇ ಹೈಬ್ರಿಡ್ ಕಾರಿನ ಎರಡನೇ ಜನ್ಮ: ಟೋಕಿಯೊ, ಉಲಾನ್‌ಬಾತರ್, ಕೊಲಂಬೊ, ಬಿಡದಿ

🚗 1/5

ಮಂಗೋಲಿಯಾದ ರಾಜಧಾನಿ ಉಲಾನ್‌ಬಾತರ್‌ನ ಯಾವ್ದಾದ್ರೂ ರಸ್ತೆಯ ಫೋಟೊ ಹುಡುಕಿ ನೋಡಿ. ಒಂದೇ ಕಾರು ಮತ್ತೆ ಮತ್ತೆ ಕಾಣತ್ತೆ: ಟೊಯೊಟಾ ಪ್ರಿಯಸ್. ಹೊಸದಲ್ಲ, ಜಪಾನಿನಲ್ಲಿ ಎಷ್ಟೋ ವರ್ಷ ಓಡಿ ಬಂದದ್ದು. ಅಲ್ಲಿ ಗಾಡಿಗಳು ಓಡೋದು ರಸ್ತೆಯ ಬಲಗಡೆ. ಜಪಾನಿನಿಂದ ಬಂದ ಈ ಕಾರಿನ ಸ್ಟೀರಿಂಗೂ ಬಲಗಡೆನೇ. ಅಂದ್ರೆ ಓವರ್‌ಟೇಕ್ ಮಾಡೋವಾಗ ಎದುರಿಗೆ ಏನು ಬರ್ತಿದೆ ಅಂತ ಡ್ರೈವರ್‌ಗೆ ಸರಿಯಾಗಿ ಕಾಣಲ್ಲ. ಆದ್ರೂ ಜನ ಇದನ್ನೇ ಕೊಳ್ತಾರೆ.

ಯಾಕೆ? ಅರ್ಧ ಉತ್ತರ ಬಾನೆಟ್ ಕೆಳಗಿದೆ, ಇನ್ನರ್ಧ ತೆರಿಗೆ ಇಲಾಖೆಯ ಕಡತದಲ್ಲಿದೆ. ಸೆಕೆಂಡ್ ಹ್ಯಾಂಡ್ ಹೈಬ್ರಿಡ್ ಕೊಳ್ಳೋ ಯೋಚನೆ ನಿಮಗಿದ್ರೆ ಎರಡೂ ಗೊತ್ತಿರ್ಬೇಕು.

🔧 2/5

ಪೆಟ್ರೋಲು, ಕರೆಂಟು ಎರಡನ್ನೂ ಸೇರಿಸೋ ಆಸೆ ಹಳೇದು. 1900ರ ಹೊತ್ತಿಗೇ ಫರ್ಡಿನಾಂಡ್ ಪೋರ್ಷೆ ಅಂಥ ಒಂದು ಗಾಡಿ ಮಾಡಿದ್ದರು. ಬ್ಯಾಟರಿಯ ಭಾರ ಮತ್ತು ಬೆಲೆ ಎರಡೂ ಹೆಚ್ಚಾಗಿ ಅದು ಜನಸಾಮಾನ್ಯರ ತನಕ ಬರಲೇ ಇಲ್ಲ.

1993ರಲ್ಲಿ ಟೊಯೊಟಾ ‘ಜಿ21’ ಅನ್ನೋ ಯೋಜನೆ ಶುರು ಮಾಡ್ತು. 21ನೇ ಶತಮಾನಕ್ಕೆ ಎಂಥ ಕಾರು ಬೇಕು ಅನ್ನೋದೇ ಅದರ ಪ್ರಶ್ನೆ. ಮುಖ್ಯ ಇಂಜಿನಿಯರ್ ಆದವರು ತಕೇಶಿ ಉಚಿಯಮಾದ. ಮೊದಲ ಮಾದರಿ ಕಾರು 49 ದಿನ ಜಾಗ ಬಿಟ್ಟು ಅಲ್ಲಾಡ್ಲಿಲ್ಲ ಅಂತ ಕಂಪನಿಯವರೇ ಹೇಳ್ಕೋತಾರೆ. ಕೊನೆಗೆ 1997ರ ಡಿಸೆಂಬರ್‌ನಲ್ಲಿ 21.5 ಲಕ್ಷ ಯೆನ್ ಬೆಲೆಗೆ ಪ್ರಿಯಸ್ ಜಪಾನಿನ ಶೋರೂಮಿಗೆ ಬಂತು. ದೊಡ್ಡ ಸಂಖ್ಯೆಯಲ್ಲಿ ತಯಾರಾದ ಮೊದಲ ಹೈಬ್ರಿಡ್ ಕಾರು ಇದೇ.

ಒಳಗಿರೋದೇನು? ಒಂದು ಪೆಟ್ರೋಲ್ ಇಂಜಿನ್, ಎರಡು ಮೋಟರ್-ಜನರೇಟರ್, ಇವನ್ನು ಜೋಡಿಸೋ ಒಂದು ಪ್ಲಾನೆಟರಿ ಗೇರ್ ಸೆಟ್. ನೀವು ಬ್ರೇಕ್ ಒತ್ತಿದಾಗ ಚಕ್ರದ ಓಟವೇ ಕರೆಂಟಾಗಿ ಬ್ಯಾಟರಿಗೆ ಹೋಗತ್ತೆ. ಸಿಗ್ನಲ್‌ನಲ್ಲಿ ಇಂಜಿನ್ ಆಫ್. ಕ್ಲಚ್ ಇಲ್ಲ, ಬೇರೆ ಸ್ಟಾರ್ಟರ್ ಮೋಟರ್ ಇಲ್ಲ, ಆಲ್ಟರ್ನೇಟರೂ ಇಲ್ಲ. ಬ್ರೇಕ್ ಪ್ಯಾಡ್ ಕೂಡ ನಿಧಾನವಾಗಿ ಸವೆಯತ್ತೆ. ಇದನ್ನ ನೆನಪಿಟ್ಕೊಳ್ಳಿ, ಹಳೇ ಕಾರಿನ ಲೆಕ್ಕ ಹಾಕೋವಾಗ ಬೇಕಾಗತ್ತೆ: ಕೆಡೋ ವಸ್ತುಗಳೇ ಕೆಲವು ಕಡಿಮೆ.

🔋 3/5

ಆದ್ರೆ ಒಂದು ಭಯ ಮಾತ್ರ ಮೊದಲ ದಿನದಿಂದ ಇತ್ತು. ಬ್ಯಾಟರಿ ಹೋದ್ರೆ?

ಬಿಕಾಂನಲ್ಲಿ ನಮಗೆ ಮೊದಲ ವರ್ಷವೇ ಸವಕಳಿ ಕಲಿಸ್ತಾರೆ. ಆಸ್ತಿಯ ಬೆಲೆ ವರ್ಷಕ್ಕಿಷ್ಟು ಅಂತ ಇಳೀತಾ ಹೋಗತ್ತೆ. ಹೈಬ್ರಿಡ್ ಕಾರಿನಲ್ಲಿ ಈ ಲೆಕ್ಕ ನೇರವಾಗಿ ಕೂರಲ್ಲ. ಕಾರಿನ ಬೆಲೆ ಇಳೀತಾ ಇಳೀತಾ ಒಂದು ದಿನ ಹೊಸ ಬ್ಯಾಟರಿಯ ಬೆಲೆಯ ಹತ್ತಿರಕ್ಕೇ ಬಂದುಬಿಡತ್ತೆ. ಆ ದಿನ ಕೀಲಿ ಯಾರ ಕೈಯಲ್ಲಿದೆಯೋ ಅವರಿಗೆ ಪೂರ್ತಿ ಹೊಡೆತ. ಅದು ಹೊಸ ಕಾರು ಕೊಂಡ ಶ್ರೀಮಂತ ಆಗಿರಲ್ಲ. ಎರಡನೇ ಅಥವಾ ಮೂರನೇ ಮಾಲೀಕ ಆಗಿರ್ತಾನೆ, ದುಡ್ಡು ಉಳಿಸೋಕೆ ಅಂತಲೇ ಹಳೇ ಕಾರು ತಗೊಂಡವನು.

ಈ ಭಯ ಎಷ್ಟು ನಿಜ? ಅಮೆರಿಕದ ‘ಕನ್ಸ್ಯೂಮರ್ ರಿಪೋರ್ಟ್ಸ್’ 2011ರಲ್ಲಿ ಒಂದು ಪರೀಕ್ಷೆ ಮಾಡ್ತು. 2.08 ಲಕ್ಷ ಮೈಲಿ, ಅಂದ್ರೆ ಸುಮಾರು 3.35 ಲಕ್ಷ ಕಿಲೋಮೀಟರ್ ಓಡಿದ 2002ರ ಪ್ರಿಯಸ್ ತಂದು, ಹತ್ತು ವರ್ಷದ ಹಿಂದೆ ಹೊಸ ಪ್ರಿಯಸ್ ಕೊಟ್ಟಿದ್ದ ಮೈಲೇಜಿನ ಜೊತೆ ಹೋಲಿಸಿದ್ರು. ಹೊಸದರಲ್ಲಿ ಗ್ಯಾಲನ್‌ಗೆ 40.6 ಮೈಲಿ, ಹಳೇದರಲ್ಲಿ 40.4. ನಮ್ಮ ಲೆಕ್ಕದಲ್ಲಿ ಎರಡೂ ಲೀಟರಿಗೆ 17 ಕಿಲೋಮೀಟರ್ ಚಿಲ್ಲರೆ. ಒಂದು ಕಾರಿನ ಫಲಿತಾಂಶ ಎಲ್ಲಾ ಕಾರಿಗೂ ಗ್ಯಾರಂಟಿ ಅಲ್ಲ. ಆದ್ರೆ ಹೈಬ್ರಿಡ್ ಬ್ಯಾಟರಿ ಕೆಲವೇ ವರ್ಷದಲ್ಲಿ ಸತ್ತುಹೋಗತ್ತೆ ಅನ್ನೋ ಮಾತಿಗೆ ಇದು ಒಳ್ಳೇ ಉತ್ತರ ಆಯ್ತು.

ಕಾರಣವೂ ಇದೆ. ಈ ಬ್ಯಾಟರಿಯನ್ನ ಕಾರಿನ ಕಂಪ್ಯೂಟರ್ ಪೂರ್ತಿ ತುಂಬಿಸಲ್ಲ, ಪೂರ್ತಿ ಖಾಲಿಯಾಗೋಕೂ ಬಿಡಲ್ಲ. ಮಧ್ಯದಲ್ಲೇ ಇಟ್ಟು ದುಡಿಸತ್ತೆ. ಇನ್ನೊಂದು ವಿಷಯ, ಅದು ಒಂದೇ ಗಟ್ಟಿ ತುಂಡಲ್ಲ. ಎರಡನೇ ತಲೆಮಾರಿನ ಪ್ರಿಯಸ್‌ನಲ್ಲಿ 7.2 ವೋಲ್ಟಿನ 28 ಮಾಡ್ಯೂಲುಗಳನ್ನ ಸಾಲಾಗಿ ಜೋಡಿಸಿ 201.6 ವೋಲ್ಟ್ ಮಾಡಿದ್ದಾರೆ. ಎಷ್ಟೋ ಸಲ ಕೆಟ್ಟಿರೋದು ಒಂದೋ ಎರಡೋ. ಬಿಚ್ಚಿ, ಅಳೆದು, ಸೋತದ್ದನ್ನ ಬದಲಿಸಿದ್ರೆ ಕಾರು ಮತ್ತೆ ಓಡತ್ತೆ. ಹಾಗಂತ ಇದು ಶಾಶ್ವತ ರಿಪೇರಿ ಅಲ್ಲ. ಉಳಿದವಕ್ಕೂ ಅಷ್ಟೇ ವಯಸ್ಸಾಗಿರತ್ತೆ, ಇವತ್ತು ಇದು ಹೋದ್ರೆ ನಾಳೆ ಪಕ್ಕದ್ದು.

🌏 4/5

ಈಗ ಮಂಗೋಲಿಯಾಗೆ ವಾಪಸ್ ಬನ್ನಿ.

ಜಪಾನಿನಲ್ಲಿ ‘ಶಾಕೆನ್’ ಅನ್ನೋ ಕಡ್ಡಾಯ ತಪಾಸಣೆ ಇದೆ. ಹೊಸ ಕಾರಿಗೆ ಮೂರು ವರ್ಷಕ್ಕೆ, ಆಮೇಲೆ ಎರಡೆರಡು ವರ್ಷಕ್ಕೆ. ಖರ್ಚು ಜಾಸ್ತಿ. ಹಾಗಾಗಿ ಚೆನ್ನಾಗಿರೋ ಕಾರನ್ನೂ ಜನ ಮಾರಿಬಿಡ್ತಾರೆ, ಅದು ಹರಾಜಾಗಿ ಹಡಗು ಹತ್ತತ್ತೆ. ಮಂಗೋಲಿಯಾ ಹೈಬ್ರಿಡ್ ಆಮದಿಗೆ ತೆರಿಗೆ ರಿಯಾಯ್ತಿ ಕೊಡ್ತು. ಜೊತೆಗೆ ಅಲ್ಲಿನ ಚಳಿಗಾಲದಲ್ಲಿ ಮೈನಸ್ 30 ಡಿಗ್ರಿ ಅಂದ್ರೆ ಸಾಮಾನ್ಯ. ಮಾಮೂಲಿ ಕಾರಿನ ಸ್ಟಾರ್ಟರ್ ಒದ್ದಾಡೋ ಆ ಚಳಿಯಲ್ಲಿ, ಪ್ರಿಯಸ್‌ನ ಇಂಜಿನ್ ತಿರುಗಿಸೋದು ದೊಡ್ಡ ಮೋಟರು. ಅಗ್ಗ, ಉಳಿತಾಯ, ಬೆಳಗ್ಗೆ ಸ್ಟಾರ್ಟ್ ಆಗತ್ತೆ. ಇನ್ನೇನು ಬೇಕು?

ಶ್ರೀಲಂಕಾದ ಕಥೆಯಲ್ಲಿ ತೆರಿಗೆಯ ಇನ್ನೊಂದು ಮುಖ ಕಾಣತ್ತೆ. 2010ರ ದಶಕದ ಆರಂಭದಲ್ಲಿ ಸರ್ಕಾರ ಹೈಬ್ರಿಡ್ ತೆರಿಗೆ ಇಳಿಸಿದಾಗ ಜಪಾನಿನಿಂದ ಪ್ರಿಯಸ್, ಆಕ್ವಾ, ಹೋಂಡಾ ಫಿಟ್ ಹರಿದುಬಂದ್ವು. ಆಮೇಲೆ ತೆರಿಗೆ ಏರಿತು. 2020ರ ಮಾರ್ಚ್‌ನಲ್ಲಿ ವಾಹನ ಆಮದೇ ನಿಂತುಹೋಯ್ತು. ಖಾಸಗಿ ಕಾರುಗಳಿಗೆ ಬಾಗಿಲು ತೆರೆದಿದ್ದು 2025ರ ಫೆಬ್ರವರಿಯಲ್ಲಿ. ನಡುವಿನ ಐದು ವರ್ಷ ಇದ್ದ ಹಳೇ ಕಾರನ್ನೇ ಓಡಿಸ್ಬೇಕು, ಅದರ ಬೆಲೆ ಗಗನಕ್ಕೆ. ಆ ದಿನಗಳಲ್ಲಿ ಕಾರು ಉಳಿಸಿದ್ದು ಬ್ಯಾಟರಿ ಬಿಚ್ಚಿ ಜೋಡಿಸೋಕೆ ಬರ್ತಿದ್ದ ಮೆಕ್ಯಾನಿಕ್‌ಗಳು.

🏭 5/5

ನಮ್ಮ ಕಡೆ ಏನಾಯ್ತು? 2008ರಲ್ಲಿ ಹೋಂಡಾ ಸಿವಿಕ್ ಹೈಬ್ರಿಡ್ 21 ಲಕ್ಷದ ಮೇಲಿನ ಬೆಲೆಗೆ ಬಂತು, ಅದೇ ವರ್ಷ ಸುಮಾರು 8 ಲಕ್ಷ ಇಳೀತು. ಮೊದಲು ಕೊಂಡವರ ಮುಖ ಊಹಿಸ್ಕೊಳ್ಳಿ! 2010ರಲ್ಲಿ ಪ್ರಿಯಸ್ ಬಂತು, 26 ಲಕ್ಷದ ಮೇಲೆ. 2013ರಲ್ಲಿ ನಮ್ಮ ಬಿಡದಿಯಲ್ಲೇ ಕ್ಯಾಮ್ರಿ ಹೈಬ್ರಿಡ್ ಜೋಡಣೆ ಶುರುವಾಯ್ತು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಇಂಥ ದೊಡ್ಡ ಹೈಬ್ರಿಡ್ ಮೇಲೆ 28% ತೆರಿಗೆ, 15% ಸೆಸ್, ಒಟ್ಟು 43%. ಅದಕ್ಕೂ ಮುಂಚೆ ಸುಮಾರು 30% ಇತ್ತು. ಮಾರಾಟ ಕುಸೀತು. 2022ರಲ್ಲಿ ಬಿಡದಿಯಿಂದಲೇ ಹೈರೈಡರ್, ಗ್ರ್ಯಾಂಡ್ ವಿಟಾರಾ, ಇನೋವಾ ಹೈಕ್ರಾಸ್ ಹೊರಬಂದಾಗ್ಲೇ ಹೈಬ್ರಿಡ್ ನಮ್ಮ ಬೀದಿಗೆ ಇಳಿದದ್ದು.

ಆ ಕಾರುಗಳು ಈಗ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬರ್ತಿವೆ. ಕೊಳ್ಳೋ ಮುಂಚೆ ನೋಡಿ:

✅ ಹೈಬ್ರಿಡ್ ಬ್ಯಾಟರಿಗೆ ಟೊಯೊಟಾ ವಾರಂಟಿ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್, ಯಾವುದು ಮೊದಲೋ ಅದು. ಎಷ್ಟು ಉಳಿದಿದೆ ಲೆಕ್ಕ ಹಾಕಿ. ಸರ್ವಿಸ್ ದಾಖಲೆ ಪೂರ್ತಿ ಕೇಳಿ.
✅ ಬ್ಯಾಟರಿಗೆ ಗಾಳಿ ಹೋಗೋ ಜಾಲರಿ ಎಲ್ಲಿದೆ ಅಂತ ಕೇಳಿ ನೋಡಿ. ಧೂಳು ತುಂಬಿದ್ರೆ ಬ್ಯಾಟರಿ ಬಿಸಿಯಾಗಿ ಬೇಗ ಸೋಲತ್ತೆ. ಕ್ಲೀನ್ ಮಾಡ್ಸೋದು ಸಣ್ಣ ಖರ್ಚು.
✅ ಮಾಮೂಲಿ 12 ವೋಲ್ಟ್ ಬ್ಯಾಟರಿಯನ್ನ ಮರೀಬೇಡಿ. ಅದು ಸತ್ರೆ ದೊಡ್ಡ ಬ್ಯಾಟರಿ ಚೆನ್ನಾಗಿದ್ರೂ ಕಾರು ‘ರೆಡಿ’ ಆಗಲ್ಲ.
✅ ಇನ್ವರ್ಟರ್ ಕೂಲಂಟ್ ಚೆಕ್ ಮಾಡ್ಸಿ. ಮಳೆನೀರಲ್ಲಿ ಮುಳುಗಿದ ಕಾರಾ ಅಂತ ಸೀಟ್ ಕೆಳಗೆ, ಕಾರ್ಪೆಟ್ ಕೆಳಗೆ ನೋಡಿ.
✅ ತಿಂಗಳುಗಟ್ಟಲೆ ನಿಂತಿದ್ದ ಕಾರು ಅಂದ್ರೆ ಹುಷಾರು. ಈ ಬ್ಯಾಟರಿಗೆ ಓಡಾಟ ಬೇಕು.
❌ ಕಿತ್ತಳೆ ಬಣ್ಣದ ವೈರ್ ಮುಟ್ಟಬೇಡಿ. ಪ್ರಾಣಕ್ಕೆ ಅಪಾಯ ಇರೋ ವೋಲ್ಟೇಜ್ ಅದು.

ತೆರಿಗೆ ಲೆಕ್ಕವೂ ಇರ್ಲಿ. 2025ರ ಜನವರಿಯಿಂದ, ಜಿಎಸ್‌ಟಿ ನೋಂದಣಿ ಇರೋ ಡೀಲರ್ ಹಳೇ ಕಾರು ಮಾರಿದ್ರೆ ಅವರ ಮಾರ್ಜಿನ್ ಮೇಲೆ 18%. 10 ಲಕ್ಷಕ್ಕೆ ಕೊಂಡು 11 ಲಕ್ಷಕ್ಕೆ ಮಾರಿದ್ರೆ ತೆರಿಗೆ ಬೀಳೋದು ಆ 1 ಲಕ್ಷದ ಮೇಲೆ, ಅಂದ್ರೆ 18,000 ರೂಪಾಯಿ. ಪೂರ್ತಿ 11 ಲಕ್ಷಕ್ಕಲ್ಲ. ನಿಮ್ಮ ಪಕ್ಕದ ಮನೆಯವರು ತಮ್ಮ ಸ್ವಂತ ಕಾರನ್ನ ನಿಮಗೆ ಮಾರಿದ್ರೆ ಜಿಎಸ್‌ಟಿ ಇಲ್ಲ.

2022ರಲ್ಲಿ ಬಂದ ಮೊದಲ ಕಾರುಗಳ ಬ್ಯಾಟರಿ ವಾರಂಟಿ 2030ಕ್ಕೆ ಮುಗಿಯತ್ತೆ. ಹೆಚ್ಚು ಓಡಿಸಿದವರದ್ದು ಇನ್ನೂ ಮೊದಲೇ. ಅಷ್ಟರಲ್ಲಿ ನಮ್ಮ ಊರಿನ ಗ್ಯಾರೇಜಿನ ಹುಡುಗರಿಗೆ ಈ ಕೆಲಸ ಕೈಗೆ ಹತ್ತಿರಬೇಕು. ಐಟಿಐಗಳಲ್ಲಿ ಕಲಿಸ್ಬೇಕು, ಬಿಡಿಭಾಗ ಬಿಡಿಯಾಗಿ ಸಿಗ್ಬೇಕು, ಸೋತ ಬ್ಯಾಟರಿ ಗುಜರಿಗೆ ಹೋಗದೆ ಸರಿಯಾದ ರೀಸೈಕ್ಲಿಂಗಿಗೆ ಹೋಗ್ಬೇಕು. ಇಲ್ಲಾಂದ್ರೆ ಉಳಿತಾಯ ಎಲ್ಲಾ ಮೊದಲ ಮಾಲೀಕನದ್ದು, ಬಿಲ್ಲು ಮಾತ್ರ ಮೂರನೆಯವನದ್ದು.

ಹಳೇ ಹೈಬ್ರಿಡ್ ನೋಡ್ತಿರೋ ಸ್ನೇಹಿತರಿದ್ರೆ ಇದನ್ನ ಕಳ್ಸಿ. ಅಡ್ವಾನ್ಸ್ ಕೊಡೋ ಮುಂಚೆ ಕಳ್ಸಿ 🙂

#ಕಾರಿನಇತಿಹಾಸ #ಹೈಬ್ರಿಡ್ #ಸೆಕೆಂಡ್‌ಹ್ಯಾಂಡ್ #ಬಿಡದಿ #ಕನ್ನಡದಲ್ಲಿಓದಿ