ಕಂದಾಯ ರಶೀದಿಯಲ್ಲಿ ಗ್ರಂಥಾಲಯ ಕರ: ಮಕ್ಕಳು, ಯುವಕರಿಗೆ ಏನು ಸಿಗುತ್ತೆ?

ಲಕ್ಕೂರು: ಮನೆ, ಅಂಗಡಿಗೆ ಪಂಚಾಯಿತಿ ಕಂದಾಯ ಕಟ್ಟುವವರು ರಶೀದಿಯನ್ನು ಒಮ್ಮೆ ಸರಿಯಾಗಿ ನೋಡಿ. ಆರೋಗ್ಯ, ಶಿಕ್ಷಣ ಕರದ ಜೊತೆ ಗ್ರಂಥಾಲಯ ಕರ ಅಂತಾನೂ ಇರುತ್ತೆ. ಇದು ತೆರಿಗೆಯ ಶೇ 6ರಷ್ಟು. ಅಂದರೆ 1,000 ರೂಪಾಯಿ ತೆರಿಗೆಗೆ 60 ರೂಪಾಯಿ. ಗ್ರಂಥಾಲಯಕ್ಕೆ ಕಾಲಿಡದವರೂ ಇದನ್ನು ಕಟ್ಟುತ್ತಾರೆ.

ಯಾರ ಜವಾಬ್ದಾರಿ: 2019ರಲ್ಲಿ ಗ್ರಾಪಂ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಈಗ ಇವುಗಳ ಹೆಸರು 'ಅರಿವು ಕೇಂದ್ರ'. ಕಟ್ಟಡ, ಕರೆಂಟು, ಪುಸ್ತಕದ ಬಗ್ಗೆ ಪಂಚಾಯಿತಿಯಲ್ಲೇ ಕೇಳಬೇಕು.

ಮಕ್ಕಳಿಗೆ: 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಡಿ 6ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತ. ಪುಸ್ತಕ ಮನೆಗೆ ತರಬಹುದು.

ಯುವಕರಿಗೆ: ಪೊಲೀಸ್, ಪಿಡಿಒ ಥರದ ಪರೀಕ್ಷೆಗೆ ಓದುವವರಿಗೆ ದಿನಪತ್ರಿಕೆ, ಸ್ಪರ್ಧಾತ್ಮಕ ಪರೀಕ್ಷೆ ಪುಸ್ತಕ, ಕೂತು ಓದೋಕೆ ಜಾಗ ಊರಲ್ಲೇ ಸಿಕ್ಕರೆ ಬೆಂಗಳೂರಲ್ಲಿ ರೂಮು ಮಾಡುವ ಖರ್ಚು ಉಳಿಯುತ್ತೆ. ಡಿಜಿಟಲ್ ಆದ ಕೇಂದ್ರಗಳಲ್ಲಿ ಕಂಪ್ಯೂಟರೂ ಇರುತ್ತೆ.

ಮೇಲ್ವಿಚಾರಕರಿಗೆ: ಪುಸ್ತಕ ಕೊಡೋದು, ಮಕ್ಕಳನ್ನು ಓದಿಸೋದು, ಕಂಪ್ಯೂಟರ್ ತೋರಿಸೋದು, ಎಲ್ಲಾ ಒಬ್ಬರೇ ಮಾಡಬೇಕು. ಇವರಿಗೆ ಮೈಸೂರಿನ ಅಬ್ದುಲ್ ನಜೀರ್ ಸಾಬ್ ಸಂಸ್ಥೆಯಿಂದ ತರಬೇತಿ ನಡೆದಿದೆ. ಬರೀ ಬೀಗ ತೆಗೆದು ಹಾಕೋ ಕೆಲಸ ಇದಲ್ಲ. ತರಬೇತಿ ಸಿಕ್ಕರಷ್ಟೇ ಕೇಂದ್ರ ನಡೆಯೋದು.

ಏನು ಮಾಡಬೇಕು: ಮುಂದಿನ ಗ್ರಾಮಸಭೆಯಲ್ಲಿ ಮೂರು ಪ್ರಶ್ನೆ ಕೇಳಿ. ಈ ವರ್ಷ ಗ್ರಂಥಾಲಯ ಕರ ಎಷ್ಟು ವಸೂಲಾಯ್ತು? ಪುಸ್ತಕಕ್ಕೆ ಎಷ್ಟು ಖರ್ಚಾಯ್ತು? ಎಷ್ಟು ಮಕ್ಕಳು ಸದಸ್ಯರಾದರು? ದುಡ್ಡು ಕಟ್ಟಿದವರಿಗೆ ಲೆಕ್ಕ ಕೇಳೋ ಹಕ್ಕೂ ಇದೆ.